ಎಲ್ಲರ ಉಸಿರೂ ಹದಿನೆಂಟು

ಬೆಳಗಿನ ಐದೂವರೆ. ವೃದ್ಧಾಶ್ರಮದ ಕೋಣೆಯೊಂದರಲ್ಲಿ ಎಲೊಯ್ಸಾ ಅರ್ಚುಲೆಟಾ ಮಂಚದ ಅಂಚಿನಲ್ಲಿ ಕೂತು, ಎಲ್ಲರೂ ಗೌರವದಿಂದ ದೊನ್ ಎಂದು ಕರೆಯುವ ಅಮದೋರ್ ಅವರ ಮಣಿಕಟ್ಟು ಹಿಡಿದಿದ್ದಾರೆ. ನಾಡಿ ನೋಡುವುದು ಬರೀ ನಾಟಕ, ಕಣ್ಣಿರುವುದು ಅವರ ಎದೆಯ ಮೇಲೆ. ಉಸಿರು ಎಣಿಸುತ್ತಿದ್ದೇನೆ ಎಂದು ಹೇಳಿಬಿಟ್ಟರೆ ಯಾರೂ ಸಹಜವಾಗಿ ಉಸಿರಾಡುವುದಿಲ್ಲ.

"ಏನು ಮಗಳೇ, ಬೆಳಬೆಳಗ್ಗೆ ಕೈ ಹಿಡ್ದಿದೀಯ? ನನ್ ಹೆಂಡ್ತಿ ಮೇಲಿಂದ ನೋಡ್ತಿರ್ತಾಳೆ."

"ನೋಡ್ಲಿ ಬಿಡಿ ದೊನ್ ಅಮದೋರ್. ನೀವು ಬಾಯ್ಮುಚ್ಕೊಂಡು ಮಲ್ಕೊಳಿ, ಲೆಕ್ಕ ತಪ್ಪತ್ತೆ."

ಎಂಬತ್ತಾರರ ಆ ಹಳೆಯ ಗಣಿ ಕೆಲಸಗಾರರು ನಕ್ಕು ಕಣ್ಣು ಮುಚ್ಚುತ್ತಾರೆ. ಎಲೊಯ್ಸಾ ಮತ್ತೆ ಮೊದಲಿಂದ ಎಣಿಸುತ್ತಾರೆ. ನಡುವೆ ಇಪ್ಪತ್ತೆರಡು ಸೆಕೆಂಡು ಎದೆ ಅಲುಗುವುದೇ ಇಲ್ಲ. ನಿಮಿಷಕ್ಕೆ ಬರೀ ಒಂಬತ್ತು. ಹಿಂದಿನ ಪಾಳಿಯವರು ಹಾಳೆಯಲ್ಲಿ ಬರೆದಿರುವುದು ಹದಿನೆಂಟು. ಈ ಸಾಲಿನ ಕೋಣೆಗಳ ಹತ್ತೊಂಬತ್ತು ಜನರಿಗೂ ಹದಿನೆಂಟೇ.

ಅಮೆರಿಕದ ಕೊಲೊರಾಡೊದ ನಮ್ಮ ಈ ಗಣಿಯೂರು ಹತ್ತು ಸಾವಿರ ಅಡಿ ಎತ್ತರದಲ್ಲಿದೆ, ಇಲ್ಲಿ ಗಾಳಿಯೇ ತೆಳು. ರಕ್ತದಲ್ಲಿ ಆಮ್ಲಜನಕ ಇಳಿದರೆ ಕತ್ತಿನ ರಕ್ತನಾಳದ ಬಳಿ ಅಕ್ಕಿಕಾಳಿನಷ್ಟಿರುವ ಒಂದು ಅಂಗ ಮಿದುಳಿಗೆ ಸುದ್ದಿ ಮುಟ್ಟಿಸಬೇಕು, ಮಿದುಳು ಜೋರಾಗಿ ಉಸಿರಾಡಿಸಬೇಕು. ವಯಸ್ಸಾದಂತೆ ಈ ಏರ್ಪಾಟು ಮಂಕಾಗುತ್ತದೆ. ಹರೆಯದವರು ಏದುಸಿರು ಬಿಡುವ ಹೊತ್ತಿನಲ್ಲೂ ಮುದುಕರು ಆರಾಮಾಗಿದ್ದೇನೆ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಗೊತ್ತೇ ಆಗುವುದಿಲ್ಲ.

ಇಪ್ಪತ್ತೆರಡು ವರ್ಷದಿಂದ ಈ ವೃದ್ಧಾಶ್ರಮದಲ್ಲಿ ಆರೈಕೆ ಕೆಲಸದಲ್ಲಿರುವ ಎಲೊಯ್ಸಾಗೆ ಇದನ್ನು ಯಾರೂ ಪಾಠ ಮಾಡಿಲ್ಲ. ಕಳೆದ ಚಳಿಗಾಲದಲ್ಲಿ ಇಲ್ಲಿದ್ದ ಅಜ್ಜಿ ದೊನ್ಯಾ ಒಫೇಲಿಯಾ ಬೆಳಗಿನ ಐದಕ್ಕೆ ತೀರಿಕೊಂಡರು. ಹಾಳೆಯ ಆರು ಗಂಟೆಯ ಕಾಲಂನಲ್ಲಿ ಅವರ ಉಸಿರು ಹದಿನೆಂಟು ಎಂದು ಬರೆದಿತ್ತು.

"ಸತ್ತೋರ್ಗೂ ಹದಿನೆಂಟು ಹಾಕಿದ್ರು," ಎನ್ನುತ್ತಾರೆ ಎಲೊಯ್ಸಾ. "ಅವತ್ತಿಂದ ನಾನು ಅರ್ಧ ನಿಮಿಷ ಎಣ್ಸಿ ಎರಡರಿಂದ ಗುಣಿಸೋದೂ ಬಿಟ್ಟೆ, ಪೂರ್ತಿ ನಿಮಿಷ ಎಣಿಸ್ತೀನಿ."

ಇಷ್ಟು ಬರೆಯುವಾಗ ನನಗೆ ಮೈ ಉರಿಯುತ್ತದೆ. ಆ ಸುಳ್ಳು ಹಾಳೆಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ಎಚ್ಚರಿಕೆ ಪತ್ರ ಬಂದಿದ್ದು ಎಲೊಯ್ಸಾಗೆ, ಕೆಲಸ ನಿಧಾನ ಅಂತ. ಇನ್ನೊಂದು ಬಂದರೆ ಕೆಲಸವೇ ಹೋಗುತ್ತದೆ. ಒಬ್ಬರ ತಲೆಗೆ ಹತ್ತೊಂಬತ್ತು ಮುದುಕರನ್ನು ಕಟ್ಟಿ ನಿಧಾನ ಅನ್ನುವವರಿಗೆ ನಾಚಿಕೆಯಾಗಬೇಕು.

ಬಾಗಿಲಲ್ಲಿ ಮೇಲ್ವಿಚಾರಕಿ ಗ್ವೆನ್. "ಇನ್ನೂ ಇಲ್ಲೇ ಇದೀಯಾ? ಹದಿನೆಂಟು ಅಂತ ಹಾಕಿ ನಡಿ, ತಿಂಡಿ ಹೊತ್ತಾಯ್ತು."

"ಒಂಬತ್ತಿದೆ ಮೇಡಂ. ನರ್ಸ್‌ನ ಕರೀರಿ."

"ಅವ್ರು ಚೆನ್ನಾಗೇ ಇದಾರಲ್ಲ?"

"ಚೆನ್ನಾಗೇ ಇದೀನಮ್ಮ," ಎನ್ನುತ್ತಾರೆ ದೊನ್ ಅಮದೋರ್. ಅವರ ತುಟಿ ನೀಲಿಗಟ್ಟಿದೆ.

ಎಲೊಯ್ಸಾ ಕದಲುವುದಿಲ್ಲ, ಕರೆಗಂಟೆ ಒತ್ತಿ ಹಿಡಿಯುತ್ತಾರೆ. ಓಡಿ ಬಂದ ನರ್ಸ್ ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಯಂತ್ರ ಸಿಕ್ಕಿಸಿದರೆ ಅಂಕಿಯೇ ಮೂಡುವುದಿಲ್ಲ, ಬೆರಳು ಅಷ್ಟು ತಣ್ಣಗಿದೆ. ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿದ ಮೇಲೆ ಮೂಡುತ್ತದೆ: ಶೇಕಡಾ ಎಪ್ಪತ್ತೊಂದು. ಈ ಎತ್ತರದಲ್ಲೂ ತೊಂಬತ್ತರ ಹತ್ತಿರ ಇರಬೇಕಿತ್ತು. ಆಮ್ಲಜನಕದ ನಳಿಗೆ ಮೂಗಿಗೇರಿ ಕಾಲು ಗಂಟೆಯಲ್ಲಿ ಅವರ ತುಟಿಗೆ ಬಣ್ಣ ಬರುತ್ತದೆ.

ಹತ್ತು ಗಂಟೆಗೆ ಎರಡನೇ ಪತ್ರವೂ ಬರುತ್ತದೆ. ಹನ್ನೆರಡು ಜನರ ತಿಂಡಿ ತಡವಾಗಿದೆಯಂತೆ. ಕೊನೆಯಲ್ಲಿ ನೌಕರರ ಹೇಳಿಕೆಗೆಂದು ಐದು ಗೆರೆ ಬಿಟ್ಟಿದ್ದಾರೆ. ಎಲೊಯ್ಸಾಗೆ ಒಂದೇ ಗೆರೆ ಸಾಕಾಗುತ್ತದೆ: "ಒಂಬತ್ತು ಇತ್ತು. ನಾನು ಎಣಿಸಿದೆ."