ಬೆಟ್ಟಕ್ಕೆ ಹೋಗಿದ್ದ ಗಾರ್ಡ್ ಮಾಮಾ

ಬೇಸಿಗೆಯಲ್ಲಿ ಗಾರ್ಡ್ ಮಾಮಾಗೆ ಹುಬ್ಬು ಇರುತ್ತಿರಲಿಲ್ಲ. ಕಾಡಿಗೆ ಬೆಂಕಿ ಬೀಳಲು ಶುರುವಾದ ಮೇಲೆ ಸುಟ್ಟುಹೋಗುತ್ತಿದ್ದವು, ಮಳೆ ಹಿಡಿದ ಮೇಲೆ ಮತ್ತೆ ಬೆಳೆಯುತ್ತಿದ್ದವು. ಸರಕಾರ ಕೊಟ್ಟ ಬೂಟನ್ನು ಕೊರಳಿಗೆ ಕಟ್ಟಿಕೊಂಡು ಬರಿಗಾಲಲ್ಲಿ ಕಾಡು ತಿರುಗುತ್ತಿದ್ದರು. ಸಾಹೇಬರ ಜೀಪಿನ ಸದ್ದು ಕೇಳಿದಾಗ ಮಾತ್ರ ಬೂಟು ಕಾಲಿಗೆ ಇಳಿಯುತ್ತಿತ್ತು.

ಆ ಸಾಹೇಬರೆಂದರೆ ನನ್ನ ಅಪ್ಪ. ಹಾವೇರಿ ಕಡೆಯವರು, ಕರ್ನಾಟಕ ಒಂದಾದ ವರ್ಷ ಅರಣ್ಯದ ನೌಕರಿಯ ಮೇಲೆ ಶಿರಸಿಗೆ ಬಂದಿದ್ದರು. ಅದಾಗಿ ಮೂರು ವರ್ಷಕ್ಕೆ, ನನ್ನ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ, ತಪಾಸಣೆ ಎಂದು ಬರೆದಿಟ್ಟು ಸರಕಾರಿ ಜೀಪಿನಲ್ಲಿ ಅವ್ವ, ನಾನು, ತಮ್ಮ ಮೂವರನ್ನೂ ಘಟ್ಟದ ಕಾಡು ತೋರಿಸಲು ಕರೆದೊಯ್ದರು. ಸಿದ್ದಾಪುರದ ಆಚೆಯ ಜೋಗ, ಆಮೇಲೆ ಯಲ್ಲಾಪುರದ ಮಾಗೋಡು, ಒಟ್ಟು ನಾಲ್ಕು ದಿನ. ದಾರಿ ಬಲ್ಲವರೊಬ್ಬರು ಬೇಕೆಂದು ಹಿಂದಿನ ಸೀಟಿನಲ್ಲಿ ಗಾರ್ಡ್ ಮಾಮಾ.

ಜೋಗದಲ್ಲಿ ನೀರೇ ಇರಲಿಲ್ಲ. ನನಗೆ ನೆನಪಿರುವುದು ಮಾಮಾ ಮಾತ್ರ. ಜೀಪು ನಿಲ್ಲಿಸಿ ಕವಳಿ ಹಣ್ಣು ಕೊಯ್ದು ಕೊಡುವರು. ಮರದ ಪೊಟರೆಯೊಳಗೆ ಕೂತ ಹೆಣ್ಣಿಗೆ ಗಂಡು ಮಂಗಟ್ಟೆ ಹಕ್ಕಿ ಹಣ್ಣು ತಂದುಣಿಸುವುದನ್ನು ತೋರಿಸಿ, "ನೋಡಿ ಅಮಾ, ಸಂಸಾರ ಅಂದ್ರೆ ಇದು" ಎಂದರು. ಅವ್ವ ನಕ್ಕಳು, ಅಪ್ಪ ನಗಲಿಲ್ಲ.

ಅಡಿಗೆ ಮಾಡಿದ ಕಡೆಯಲ್ಲೆಲ್ಲ ಮೂರು ಕಲ್ಲಿನ ಒಲೆಗೆ ನೀರು ಸುರಿದು, ಆಮೇಲೆ ಬೂದಿಯೊಳಗೆ ಅಂಗೈ ಊರಿ ಕೂತುಬಿಡುತ್ತಿದ್ದರು. ಅಪ್ಪ ಎಷ್ಟು ಹಾರ್ನ್ ಹೊಡೆದರೂ ಏಳುತ್ತಿರಲಿಲ್ಲ. "ಕಣ್ಣಿಗೆ ಸುಳ್ಳು ಹೇಳ್ತದೆ ಬೆಂಕಿ. ಕೈಗೆ ಹೇಳೂದಿಲ್ಲ" ಎನ್ನುತ್ತಿದ್ದರು.

ಕೊನೆಯ ದಿನ ಯಲ್ಲಾಪುರದಿಂದ ಶಿರಸಿಗೆ ಮರಳುವಾಗ ಒಂದು ಹಳ್ಳದ ದಂಡೆಯಲ್ಲಿ ಅಡಿಗೆಗೆ ನಿಂತೆವು. ಮಾಮಾ ಕಾಯಬೇಕಾದ ಕಾಡು ಅಲ್ಲಿಂದಲೇ ಶುರು. ನಾಲ್ಕು ದಿನ ಬಿಟ್ಟಿದ್ದ ಕಾಡೆಂದು ಊಟಕ್ಕೂ ಕಾಯದೆ ಇಳಿದರು. ಹೋಗುವಾಗ ನನ್ನನ್ನು ಕರೆದು, "ಒಲೆ ಆರ್ಸೂದು ನಿನ್ನ ಕೆಲ್ಸ ಮಗಾ. ಕೈ ಇಟ್ಟು ನೋಡು. ತಂಪಿದ್ರೆ ಮಾತ್ರ ಹೊರಡೂದು" ಎಂದರು.

ನೀರು ಸುರಿದೆ. ಕೈ ಇಡಲಿಲ್ಲ. ನನ್ನದು ಹೊಸ ಲಂಗ, ಬೂದಿಗೆ ಹೇಸಿಕೊಂಡೆ. ಅಪ್ಪ ಬೇರೆ, "ಲಗೂ ಬಾ, ಕತ್ತಲಾಗೋದ್ರಾಗ ಜೀಪು ಮುಟ್ಟಸಬೇಕು" ಎಂದು ಕೂಗುತ್ತಿದ್ದರು. ಆ ಸಂಜೆಯೇ ಅಲ್ಲಿ ಬೆಂಕಿ ಎದ್ದಿತು.

ಮೂರು ದಿನ ಬಿಟ್ಟು ನಮ್ಮ ಮನೆಯ ಹೊರಕೋಣೆಯಲ್ಲಿದ್ದ ಅಪ್ಪನ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಬಂದಿದ್ದ ಮೇಲಧಿಕಾರಿ ಮೈಸೂರು ಕಡೆಯವರು, ಹೊಸಬರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಬೆಂಕಿ ಬಿದ್ದಾಗ ಎಲ್ಲಿದ್ದೆಯಯ್ಯಾ?"

"ಬೆಟ್ಟಕ್ಕೆ ಹೋಗಿದ್ದೆ ಸಾಯೇಬ್ರೆ."

"ಕೆಳಗೆ ಕಾಡು ಉರೀತಿದ್ರೆ ಬೆಟ್ಟ ಹತ್ತಿ ಕೂತಿದ್ದೆಯಾ?"

ಶಿರಸಿ ಸೀಮೆಯಲ್ಲಿ ಬೆಟ್ಟವೆಂದರೆ ಹತ್ತುವ ಜಾಗವಲ್ಲ. ತೋಟದವರು ಗೊಬ್ಬರಕ್ಕೆ ಸೊಪ್ಪು ಕಡಿದು ತರುವ ಕಾಡು. ಸಪಾಟಾಗಿದ್ದರೂ ಅದು ಬೆಟ್ಟವೇ. ಬೆಂಕಿ ಊರವರ ಬೆಟ್ಟಕ್ಕೆ ಹಾರಿದಾಗ ಮಾಮಾ ಅಲ್ಲಿಗೆ ಓಡಿ, ಅವರ ಜೊತೆ ನಿಂತು ಹಸಿ ಟೊಂಗೆಯಲ್ಲಿ ಬಡಿದಿದ್ದರು. ಎರಡೂ ಕೈ ಸುಟ್ಟಿದ್ದವು.

"ಹತ್ತೂದಲ್ಲ ಸಾಯೇಬ್ರೆ, ಬೆಟ್ಟ ಅಂದ್ರೆ..." ಎಂದು ತಡವರಿಸಿ ಮಾಮಾ ಅಪ್ಪನ ಮುಖ ನೋಡಿದರು. ಅಪ್ಪನಿಗೆ ಆ ಪದ ಚೆನ್ನಾಗಿ ಗೊತ್ತಿತ್ತು. ಶಿರಸಿಗೆ ಬಂದ ಹೊಸದರಲ್ಲಿ ತಾವೇ ಮೋಸಹೋಗಿ, ಮನೆಯಲ್ಲಿ ಹೇಳಿ ನಕ್ಕಿದ್ದರು. ಈಗ ಬಿಡಿಸಿ ಹೇಳಿದರೆ ಮುಂದಿನ ಪ್ರಶ್ನೆ, ಹಾಗಾದರೆ ಬೆಂಕಿ ಎಲ್ಲಿಂದ ಬಂತು? ಹಳ್ಳದ ದಂಡೆಯ ಒಲೆ ಯಾರದು? ಜೀಪಿನಲ್ಲಿ ಯಾರಿದ್ದರು? ಅಪ್ಪ ತಲೆ ಎತ್ತಲಿಲ್ಲ. ಗುಡ್ಡ ಹತ್ತಿದ್ದನೆಂದೇ ಜಬಾನಿ ಹೇಳಿಕೆಯಲ್ಲಿ ಬರೆದು, ಮಾಮಾನ ಕೈಗೆ ಅರಿವೆ ಸುತ್ತಿದ್ದರಿಂದ ಕಾಲಿನ ಹೆಬ್ಬೆರಳು ಒತ್ತಿಸಿಕೊಂಡರು.

ನೌಕರಿ ಹೋಯಿತು. ಬೂಟು ಒಪ್ಪಿಸಲು ಬಂದ ದಿನ ಮಾಮಾ ಗೇಟಿನ ಹತ್ತಿರ ನನ್ನನ್ನು ಕೇಳಿದರು, "ಕೈ ಇಟ್ಟು ನೋಡಿದ್ಯಾ ಮಗಾ?"

"ಹೂಂ, ನೋಡೇನಿ."

"ಹಂಗಾರೆ ಮತ್ಯಾರೋ ಒಲೆ ಹೂಡಿರ್ಬೇಕು" ಎಂದು ಹೊರಟುಹೋದರು. ನಂಬಿದರೋ, ನನ್ನನ್ನು ಉಳಿಸಿದರೋ, ಇಂದಿಗೂ ಗೊತ್ತಿಲ್ಲ.

ಆಮೇಲೆ ಅವರಿವರ ಕಟ್ಟಿಗೆ ಒಡೆಯುತ್ತಿದ್ದರಂತೆ. ಸುಟ್ಟ ಬೆರಳು ಕೊಡಲಿ ಸರಿಯಾಗಿ ಹಿಡಿಯುತ್ತಿರಲಿಲ್ಲವಂತೆ. ನಾನು ಕಾಲೇಜಿಗೆ ಸೇರಿದ ವರ್ಷ ತೀರಿಕೊಂಡ ಸುದ್ದಿ ಬಂತು. ಎಲ್ಲರೂ ಊಟಕ್ಕೆ ಕೂತಿದ್ದೆವು. "ಛಲೋ ಮನಷ್ಯಾ ಇದ್ದ ಪಾಪ" ಎಂದು ಅಪ್ಪ ಮಜ್ಜಿಗೆಗೆ ಕೈ ಒಡ್ಡಿದರು.

ಬೆಟ್ಟ ಅಂದರೇನೆಂದು ಅವತ್ತು ಯಾಕೆ ಹೇಳಲಿಲ್ಲ ಎಂಬ ಮಾತು ಬಾಯಿಯ ತನಕ ಬಂದಿತ್ತು. ಕೇಳಿದ್ದರೆ ಅಪ್ಪ ಒಲೆಯ ಮಾತು ತೆಗೆಯುತ್ತಿದ್ದರು. ನಾನೇ ಎದ್ದು ಅವರಿಗೆ ಮಜ್ಜಿಗೆ ಬಡಿಸಿದೆ.