ಅತ್ತಿಗೆ ಆಡಿದ ಆಟ

ಅಣ್ಣತಮ್ಮಂದಿರು ಅಪ್ಪನ ಕಂಪ್ಯೂಟರ್ ಅಂಗಡಿಯನ್ನು ನಡುವೆ ಪ್ಲೈವುಡ್ ಹೊಡೆದು ಪಾಲು ಮಾಡಿಕೊಂಡಿದ್ದರು. ಗೇಮ್ ಆಡುವವರಿಗೆ ಬೇಕಾದ, ಪರದೆಯ ಮೇಲೆ ಚಿತ್ರ ಓಡಿಸುವ ಗ್ರಾಫಿಕ್ಸ್ ಕಾರ್ಡನ್ನು ಇಬ್ಬರೂ ಮಾರುತ್ತಿದ್ದರು. ಅಣ್ಣನದು ಒಂದು ಕಂಪನಿಯದು, ತಮ್ಮನದು ಅದರ ಎದುರಾಳಿಯದು. ಅಣ್ಣನ ಹೆಂಡತಿಯನ್ನು ಮೈದುನನಷ್ಟೇ ಅಲ್ಲ, ಬೀದಿಯವರೆಲ್ಲ ಅತ್ತಿಗೆ ಎನ್ನುತ್ತಿದ್ದರು. ವ್ಯಾಪಾರವಿಲ್ಲದ ಹೊತ್ತಿನಲ್ಲಿ ಕೌಂಟರಿನ ಹಿಂದೆ ಕೂತು ಆಡಿ ಆಡಿ ಆಕೆಯ ಕೈ ಪಳಗಿತ್ತು. ಮಾತು ಕಡಿಮೆ, ಬಾಯಿ ಬಿಟ್ಟರೆ ಖಾರ.

ಒಂದು ದಿನ ಯಾರ ಕಾರ್ಡು ಮೇಲು ಎಂದು ಗಿರಾಕಿಯೊಬ್ಬನ ಮುಂದೆಯೇ ಇಬ್ಬರಿಗೂ ಹತ್ತಿಕೊಂಡಿತು. ಆ ವರ್ಷ ಬಂದಿದ್ದ ಯುದ್ಧದ ಆಟವೊಂದು ಎಂಥ ಕಂಪ್ಯೂಟರಿಗೂ ಬೆವರಿಳಿಸುತ್ತಿತ್ತು. ಅದೇ ಆಟ, ಒಂದೇ ಯಂತ್ರ, ಕಾರ್ಡು ಮಾತ್ರ ಬದಲಿಸಿ ನೋಡುವುದೆಂದಾಯಿತು. ಆಡಲು ಅತ್ತಿಗೆಯನ್ನು ಕೂರಿಸಿದರು. ಆಕೆಗೆ ಗಂಡನನ್ನು ಕಂಡರೆ ಆಗದೆಂದು ಮೈದುನನಿಗೆ ಗೊತ್ತಿತ್ತು. ತನ್ನನ್ನು ಕಂಡರೂ ಆಗದೆಂಬುದು ತಲೆಗೆ ಹೊಳೆಯಲಿಲ್ಲ.

ಮೊದಲು ಗಂಡನ ಕಾರ್ಡು. ಉರಿಯುವ ಊರೊಳಗೆ ಕಾಲಿಟ್ಟದ್ದೇ ತಡ, ಹೊಗೆ ಎದ್ದಲ್ಲೆಲ್ಲ ಚಿತ್ರ ನಿಂತು ನಿಂತು ಸಾಗಿತು. ಸೆಟ್ಟಿಂಗ್ಸಿನಲ್ಲಿ ನೆರಳು ಕಡಿಮೆ ಮಾಡು, ಕಾರ್ಡಿನ ಹೊರೆ ಇಳಿಯುತ್ತದೆ ಎಂದು ಗಂಡ ಬೆನ್ನ ಹಿಂದೆ ಪಿಸುಗುಟ್ಟಿದ. ಅವಳು ಕೇಳಿಸಿಕೊಳ್ಳಲಿಲ್ಲ. ಮೈದುನನದನ್ನು ಹಾಕಿದಾಗ ಅದೇ ಊರು ನೀರಿನಂತೆ ಹರಿಯಿತು.

"ನಿಮ್ಮದು ತಡವರಿಸ್ತಿದೆ. ಓಡ್ತಿರೋದು ಅವನದು," ಎಂದಳು ಗಂಡನಿಗೆ.

"ಯಾರ ಮನೇಲಿ ತಿಂತಿದ್ದೀಯ ನೀನು?"

"ಬೇಯಿಸೋಳು ನಾನು. ನೀವು ಯಾರ ಕೈಯಲ್ಲಿ ತಿಂತಿದ್ದೀರ?"

ಮೈದುನ ಹಲ್ಲು ಕಿರಿಯುತ್ತ ಬಿಲ್ಲು ಬರೆಯಲು ಹೊರಟ. ಅತ್ತಿಗೆ ಇನ್ನೂ ಎದ್ದಿರಲಿಲ್ಲ, ಆಡುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಕಾರ್ಡು ಕಾದು ಅದರ ಫ್ಯಾನು ಕಿರುಚತೊಡಗಿತು, ಚಿತ್ರ ಕುಂಟಿತು.

"ಇದನ್ನೂ ಹೇಳಿ ಮಾರು," ಎಂದಳು. "ಬಿಸಿ ಏರಿದ ಮೇಲೆ ನಿಂದೂ ಅಷ್ಟೇ."

ಗಿರಾಕಿ ಮೆಲ್ಲಗೆ ಜಾಗ ಖಾಲಿ ಮಾಡಿದ. ಎಷ್ಟೋ ವರ್ಷಗಳ ಮೇಲೆ ಅಣ್ಣತಮ್ಮಂದಿರು ಒಂದಾದರು, ಅವಳನ್ನು ಬೈಯಲು. ಇನ್ನು ಅಂಗಡಿಗೆ ಕಾಲಿಡಬೇಡ ಎಂದ ಗಂಡ.

ಅವಳು ಇಡಲೂ ಇಲ್ಲ. ಎದುರಿನ ಮುದ್ರಣಾಲಯದ ಮೆಟ್ಟಿಲ ಕೆಳಗೆ ಜಾಗ ಹಿಡಿದು, ತನ್ನ ಒಡವೆ ಮಾರಿ ತಂದ ಕಂಪ್ಯೂಟರ್ ಇಟ್ಟುಕೊಂಡಳು. ಕಾರ್ಡು ಕೊಳ್ಳುವವರು ಮೊದಲು ಅವಳ ಬಳಿ ಹಾಕಿಸಿ ನೋಡತೊಡಗಿದರು. ಒಂದೊಂದರ ಹುಳುಕನ್ನೂ ರಸ್ತೆಯಾಚೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದಳು. ತನ್ನ ಕಾರ್ಡಿನ ಬಗ್ಗೆ ಒಂದೆರಡು ಒಳ್ಳೆಯ ಮಾತಾಡೆಂದು ಮೈದುನ ಒಮ್ಮೆ ಕೇಳಿಕೊಂಡು ಬಂದಾಗ, ಕುಳಿತುಕೋ ಎಂದೂ ಅನ್ನಲಿಲ್ಲ.

ಮನೆಯಲ್ಲಿ ಈಗ ಒಲೆ ಎರಡು. ಗಂಡ ತಾನೇ ಮಾಡಿಕೊಳ್ಳುವ ಸಾರು ದಿನಾ ಸೀಯುತ್ತದೆ. ವಾಸನೆ ಬಂದಾಗ ಅವಳು ಎದ್ದು ಕಿಟಕಿ ತೆರೆಯುತ್ತಾಳೆ, ಅಷ್ಟೇ.