ಎಡಗಡೆ ಮುಂದಿನ ಚಕ್ರ

ಮರಿಸ್ವಾಮಿಯಂಥ ಅನುಮಾನದ ಮನುಷ್ಯ ಇಡೀ ಮೈಸೂರಿನಲ್ಲಿ ಇನ್ನೊಬ್ಬನಿಲ್ಲ. ಬೇಕಾದರೆ ಬರೆದುಕೊಡುತ್ತೇನೆ. ಬನ್ನಿಮಂಟಪದಲ್ಲಿ ಅವನದು ಕಾರಿನ ಚಕ್ರಗಳಿಗೆ ಪಾಲಿಶ್ ಹಾಕುವ ಅಂಗಡಿ, ಪಕ್ಕದ್ದು ನನ್ನ ಸೀಟ್ ಕವರ್ ಅಂಗಡಿ. ಮಧ್ಯೆ ಒಂದೇ ಗೋಡೆ. ನಾನು ಕಾಫಿ ತರಿಸಿಕೊಟ್ಟರೆ ಲೋಟ ಮುಟ್ಟುವ ಮೊದಲು ನನ್ನ ಮುಖ ನೋಡುತ್ತಾನೆ. "ಏನ್ ಸಮಾಚಾರ ವಾಗೀಶಣ್ಣ, ಇವತ್ತು ಕಾಫಿ?" ಸಮಾಚಾರ ಏನೂ ಇಲ್ಲ ಕಣಯ್ಯ, ನನಗೆ ತಲೆನೋವು, ಒಬ್ಬನೇ ಕುಡಿಯಬಾರದು ಅಂತ ತರಿಸಿದೆ ಎಂದರೆ, "ತಲೆನೋವು ನಿಮ್ಗೆ, ಕಾಫಿ ನಂಗ್ಯಾಕೆ?" ಎನ್ನುತ್ತಾನೆ. ನಮ್ಮ ವಂಶದಲ್ಲಿ ಯಾರಿಗೂ ಬಿ.ಪಿ. ಇರಲಿಲ್ಲ. ನನಗೆ ಬಂದಿದ್ದು ಈ ಗೋಡೆಯ ಆಚೆಯಿಂದ.

ವರುಣಾ ಕಡೆಯ ಹಳ್ಳಿಯವನು. ಮೀಸೆ ಚಿಗುರುವ ವಯಸ್ಸಿನಲ್ಲಿ ಊರು ಬಿಟ್ಟು ಬಂದು ಪಾತ್ರೆ ಪಾಲಿಶ್ ಮಾಡುವವರ ಹತ್ತಿರ ಸೇರಿಕೊಂಡ. ಹಿತ್ತಾಳೆ ಕೊಡ, ದೀಪದ ಕಂಬ, ಗಂಟೆ, ಇದೇ ಕೆಲಸ. ಆಮೇಲೆ ಮನೆಗಳಲ್ಲಿ ಹಿತ್ತಾಳೆ ಕಮ್ಮಿಯಾಯಿತು, ರಸ್ತೆಯಲ್ಲಿ ಕಾರು ಜಾಸ್ತಿಯಾಯಿತು, ಅವನು ಅಲ್ಯೂಮಿನಿಯಂ ಚಕ್ರಕ್ಕೆ ಕೈ ಹಾಕಿದ. ಹಳೆಯ ಬಣ್ಣ ಕೆರೆದು, ಒರಟು ಉಪ್ಪುಕಾಗದದಿಂದ ಶುರುಮಾಡಿ ನುಣುಪು ಕಾಗದದವರೆಗೆ ಉಜ್ಜಿ, ಕೊನೆಗೆ ಗಿರ್ರನೆ ತಿರುಗುವ ಬಟ್ಟೆಯ ಚಕ್ರಕ್ಕೆ ಪಾಲಿಶ್ ಸೋಪು ಹಚ್ಚಿ ಒತ್ತಿ ಹಿಡಿಯುತ್ತಾನೆ. ಸಂಜೆ ಹೊತ್ತಿಗೆ ಮೂಗಿನ ಹೊಳ್ಳೆಯೊಳಗೂ ಕರಿ ಮಸಿ. ಆದರೆ ಚಕ್ರದಲ್ಲಿ ನಿಮ್ಮ ಹಲ್ಲಿನ ಸಂದು ಕಾಣಬೇಕು, ಹಾಗೆ ಮಾಡಿಕೊಡುತ್ತಾನೆ. "ಇದು ಲೋಹದ ಸ್ವಂತ ಮುಖ. ಮೇಲೆ ಏನೂ ಬಳ್ದಿಲ್ಲ ನೋಡ್ಕಳಿ" ಎಂದು ಗಿರಾಕಿಯ ಕೈಹಿಡಿದು ಮುಟ್ಟಿಸುತ್ತಾನೆ.

ಬಳಿಯುವುದು ಎಂದರೆ ಅವನಿಗೆ ಆಗದು. ಅದಕ್ಕೂ ಒಂದು ಕಾರಣ ಉಂಟು. ಒಮ್ಮೆ ಯಾರೋ ಕ್ರೋಮ್ ಲೇಪಿಸಿದ, ಫಳಫಳ ಹೊಳೆಯುವ ಚಕ್ರವೊಂದನ್ನು ತಂದಿದ್ದರು. ಅಂಚಿನಲ್ಲಿ ಕ್ರೋಮ್ ಎದ್ದು ಬಂದಿತ್ತು. ಇವನು ಉಗುರು ಹಾಕಿ ಎಳೆದರೆ ಹಪ್ಪಳದ ಹಾಗೆ ಕಿತ್ತು ಬಂತು. ಒಳಗೆ ಬಿರುಕು, ಬಿರುಕಿನ ಮೇಲೆ ಅಡ್ಡಾದಿಡ್ಡಿ ವೆಲ್ಡಿಂಗು. ಅವತ್ತಿನಿಂದ ಕ್ರೋಮ್ ಹಾಕುವವರೆಲ್ಲ ಏನನ್ನೋ ಮುಚ್ಚಿಡುವವರೇ ಎಂದು ತೀರ್ಮಾನಿಸಿಬಿಟ್ಟ. ಕ್ರೋಮ್ ಆದರೆ ವರ್ಷಗಟ್ಟಲೆ ಮಂಕಾಗದು, ಬರಿಯ ಪಾಲಿಶ್‌ಗೆ ಮಳೆ ಧೂಳು ಎಲ್ಲವೂ ಶತ್ರು, ಮತ್ತೆ ಮತ್ತೆ ಉಜ್ಜಿಸಬೇಕು. ಇದು ಅವನಿಗೂ ಗೊತ್ತು. ಹೇಳಿ ನೋಡಿ, ಉಗಿಯುತ್ತಾನೆ.

ಇಂಥವನ ಹಣೆಬರಹಕ್ಕೆ ರಸ್ತೆಯ ಎದುರುಗಡೆಯೇ ಒಂದು ಕ್ರೋಮ್ ಪ್ಲೇಟಿಂಗ್ ಅಂಗಡಿ ಬಂತು. ಅಲ್ಲಿ ಕೆಲಸಕ್ಕೆ ಸುನಿಲ್ ಎಂಬ ಹುಡುಗ ಬಂದ. ಮರಿಸ್ವಾಮಿಯ ಒಬ್ಬಳೇ ಮಗಳು ಬಿಂದುಶ್ರೀ ಆ ಹುಡುಗನನ್ನೇ ಮೆಚ್ಚಿಕೊಂಡಳು.

ಬಿಂದುಶ್ರೀ ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುತ್ತಾಳೆ. ಸ್ವಂತದ್ದೊಂದು ಬಿಳಿ ಕಾರಿದೆ. ಅಪ್ಪನಿಗಿಂತ ಗಟ್ಟಿ ದನಿ. ಮರಿಸ್ವಾಮಿ ವಾರಗಟ್ಟಲೆ ಗೊಣಗಿ ಕೊನೆಗೆ ಹೂಂ ಅಂದ, ದಸರಾ ಕಳೆದ ಮೇಲೆ ನಿಶ್ಚಿತಾರ್ಥ ಎಂದಾಯಿತು. ಹೂಂ ಅಂದವನು ಸುಮ್ಮನಿದ್ದನೇ? ಪ್ಲೇಟಿಂಗ್ ಅಂಗಡಿಗೆ ಶುಕ್ರವಾರ ರಜ, ಅವತ್ತು ಸಂಜೆ ಸುನಿಲ್ ಶ್ರೀರಾಂಪುರದ ಇವರ ಮನೆಗೆ ಬಂದು ಕೂತು ಹೋಗುತ್ತಿದ್ದ. ಮಾರನೆಯ ದಿನ ನನಗೆ ವರದಿ: "ಉಪ್ಪಿಟ್ಟು ಚೆನ್ನಾಗದೆ ಅಂದ್ನಂತೆ ಕಣಣ್ಣ. ನಮ್ಮನೇವ್ಳು ಮಾಡೋ ಉಪ್ಪಿಟ್ಟು ಚೆನ್ನಾಗದೆ ಅನ್ನೋನು ಇನ್ನೇನ್ ಸುಳ್ಳು ಹೇಳಕ್ಕಿಲ್ಲ?"

ಮಗಳ ಕಾರಿನ ನಾಲ್ಕು ಚಕ್ರಗಳಿಗೂ ಅವನೇ ಪಾಲಿಶ್ ಹಾಕಿದ್ದ. ಮೇಲೆ ಒಂದು ಕೈ ಲ್ಯಾಕರ್ ಹೊಡೆಯಿರಿ, ನೀರು ನಿಲ್ಲಲ್ಲ ಎಂದು ಸುನಿಲ್ ಹೇಳಿದ್ದನಂತೆ. ಲ್ಯಾಕರ್ ಎಂದರೆ ನೀರಿನಂತೆ ತಿಳಿಯಾದ, ಕಣ್ಣಿಗೆ ಕಾಣದ ವಾರ್ನಿಷ್. ಇವನು ಅದಕ್ಕೂ ಒಪ್ಪಲಿಲ್ಲ. ಕಾಣದೆ ಇರುವುದನ್ನು ಬಳಿಯುವುದು ಇನ್ನೂ ಮೋಸ ಎಂದ. ಏನು ಮಾಡುತ್ತೀರಿ ಇಂಥವನಿಗೆ!

ಆಮೇಲೆ ಶುರುವಾಯಿತು ನೋಡಿ. ಮೂರು ಚಕ್ರ ಕನ್ನಡಿಯ ಹಾಗೇ ಇವೆ, ಎಡಗಡೆ ಮುಂದಿನದು ಮಾತ್ರ ಬೂದಿ ಬಣ್ಣಕ್ಕೆ ತಿರುಗಿ ಮೈಮೇಲೆ ಬಿಳಿ ಬಿಳಿ ಕಲೆ. ಅವನು ಬಿಚ್ಚಿ ತಂದು ಉಜ್ಜಿದ. ಮುಂದಿನ ವಾರ ಮತ್ತೆ ಕಲೆ. ಮತ್ತೆ ಉಜ್ಜಿದ. ಬೆಳಿಗ್ಗೆ ಎದ್ದವನೇ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ದಿಟ್ಟಿಸುವುದೇ ಕೆಲಸವಾಯಿತು. ಅಂಗಡಿಯಲ್ಲಿ ಕಾದು ಬೇಸತ್ತ ಗಿರಾಕಿಗಳು ನನ್ನ ಮೇಲೆ ರೇಗುತ್ತಿದ್ದರು. ಕೊನೆಗೆ ಒಂದು ಶನಿವಾರ ನನ್ನ ಅಂಗಡಿಗೆ ಬಂದು, ಗಿರಾಕಿಯನ್ನು ಪಕ್ಕಕ್ಕೆ ಸರಿಸಿ, ಪಿಸುಗುಟ್ಟಿದ.

"ಕಲೆ ಯಾವತ್ತು ಕಾಣ್ತದೆ? ಶನಿವಾರ. ಅವ್ನು ಯಾವತ್ತು ಬತ್ತಾನೆ? ಶುಕ್ರವಾರ. ಅವ್ನ ಅಂಗ್ಡೀಲಿ ಏನದೆ? ಆಸಿಡ್ಡು! ಪಾಲಿಶ್ ನಿಲ್ಲಲ್ಲ, ಕ್ರೋಮೇ ವಾಸಿ ಅಂತ ಊರಿಗೆಲ್ಲ ತೋರ್ಸಕ್ಕೆ ನನ್ ಮಗಳ ಕಾರಿಗೇ ಸುರೀತಾವ್ನೆ!"

"ಥೂ, ತಲೆ ನೆಟ್ಟಗಿದೆಯೇನಯ್ಯ ನಿಂದು?" ಎಂದೆ. ಕೇಳಿಸಿಕೊಳ್ಳಲು ಅವನು ಅಲ್ಲಿ ಇದ್ದರೆ ತಾನೆ! ಆಗಲೇ ರಸ್ತೆ ದಾಟುತ್ತಿದ್ದ. ಪ್ಲೇಟಿಂಗ್ ಅಂಗಡಿಯಲ್ಲಿ ಗಿರಾಕಿಗಳಿದ್ದರು, ಕೆಲಸದವರಿದ್ದರು, ಅಂಗಡಿಯ ಯಜಮಾನ ಮೋಹನ್ ಕೂಡ ಇದ್ದರು. ಅಷ್ಟು ಜನರ ನಡುವೆ ನಿಂತು, ಹೆಣ್ಣು ಕೊಡುವ ಮನೆಗೇ ಆಸಿಡ್ ಸುರಿಯುವ ಕಳ್ಳ ಎಂದು ಆ ಹುಡುಗನನ್ನು ಬಾಯಿಗೆ ಬಂದ ಹಾಗೆ ಬೈದ. ಸುನಿಲ್ ಕೈಗವಸು ಬಿಚ್ಚಿದ. ಮುಖ ಕೆಂಪಾಗಿತ್ತು.

"ನಿಮ್ ಮಗಳಿಗೆ ನೀವೇ ಹೇಳ್ಬುಡಿ" ಎಂದ. "ನಾನಿನ್ನು ಆ ಮನೆ ಮೆಟ್ಟಿಲು ಹತ್ತಲ್ಲ."

ಒಳ್ಳೆಯ ಹುಡುಗ ಅವನು.

ಬಿಂದುಶ್ರೀ ಅವತ್ತು ಸಂಜೆಯೇ ಅಪ್ಪನ ಅಂಗಡಿಗೆ ಬಂದಳು. ಅಳಲಿಲ್ಲ, ಕೂಗಾಡಲೂ ಇಲ್ಲ. "ಅಪ್ಪ, ಸುರಿಯೋದನ್ನ ನೀನು ಕಣ್ಣಾರೆ ನೋಡಿದ್ಯಾ?" ಎಂದಳು.

"ನೋಡೋದೇನು, ಬರೋ ಶುಕ್ರವಾರ ಹಿಡಿದೇ ತೋರಿಸ್ತೀನಿ. ಬರಲ್ಲ ಅಂದೋನು ಕದ್ದು ಬಂದೇ ಬತ್ತಾನೆ."

"ಹಿಡಿದ್ರೆ ನೀನು ತೋರಿಸಿದ ಗಂಡನ್ನ ಕಣ್ಣು ಮುಚ್ಚಿ ಕಟ್ಕೋತೀನಿ. ಕಲೆಗೆ ಬೇರೆ ಕಾರಣ ಇದ್ರೆ, ಎಲ್ಲರ ಮುಂದೆ ಆಡಿದ ಮಾತನ್ನ ಎಲ್ಲರ ಮುಂದೇನೇ ವಾಪಸ್ ತಗೋಬೇಕು. ಆಮೇಲೂ ಸುನಿಲ್ ಬರಲ್ಲ ಅಂದ್ರೆ, ನನ್ ಮದುವೆ ಸುದ್ದಿ ಈ ಜನ್ಮದಲ್ಲಿ ಎತ್ತಬೇಡ." ಇಷ್ಟು ಹೇಳಿ ಕಾರು ಹತ್ತಿ ಹೋದಳು. ಮರಿಸ್ವಾಮಿ ನನ್ನ ಕಡೆ ತಿರುಗಿ, "ಸಾಕ್ಷಿಗೆ ನೀವು ಬರ್ಬೇಕು" ಎಂದ. ಯಾವುದಕ್ಕೂ ಇನ್ನೊಬ್ಬರ ಕಣ್ಣು ಕಿವಿ ಬೇಕು ಅವನಿಗೆ. ಅವನ ಸ್ವಂತ ಕಣ್ಣಿನ ಮೇಲೂ ಅವನಿಗೆ ಪೂರ್ತಿ ನಂಬಿಕೆಯಿಲ್ಲ.

ಶುಕ್ರವಾರ ಸಂಜೆ ಅವನು ಬೇಗ ಅಂಗಡಿ ಬಾಗಿಲು ಹಾಕಿದ. ಬೇರೆ ದಿನ ಅವನು ಮನೆ ಸೇರುವಾಗ ರಾತ್ರಿ ಊಟದ ಹೊತ್ತು. ಕೃಷ್ಣಮೂರ್ತಿಪುರಂನ ನನ್ನ ಮನೆಗೆ ಹೋಗಿ ಕಾಲು ಚಾಚಬೇಕಾದ ನಾನು, ಈ ಮಹಾಶಯನ ಜೊತೆ ಶ್ರೀರಾಂಪುರದಲ್ಲಿ ಅವನದೇ ಮನೆಯ ಕಾಂಪೌಂಡಿನ ಮೂಲೆಯಲ್ಲಿ, ನೀರಿನ ಡ್ರಮ್ಮಿನ ಹಿಂದೆ ಸೊಳ್ಳೆ ಕಚ್ಚಿಸಿಕೊಂಡು ಕೂತೆ. ಕಾರು ಗೇಟಿನ ಒಳಗೆ ನಿಂತಿತ್ತು. ಎಡಗಡೆ ಮುಂದಿನ ಚಕ್ರ ಬಾಗಿಲಿಗೆ ಹತ್ತಿರ. ಹೊರಗೆ ಬೈಕ್ ಸದ್ದಾದಾಗಲೆಲ್ಲ ಮರಿಸ್ವಾಮಿ ನನ್ನ ತೊಡೆ ಹಿಂಡುತ್ತಿದ್ದ. "ಬಂದ, ಬಂದ." ಬಂದವರು ಯಾರೂ ಇಲ್ಲ.

ಒಳಗೆ ದೇವರ ದೀಪ ಹಚ್ಚಿದರು. ಬಾಗಿಲು ತೆರೆಯಿತು. ಬಂದವಳು ಅವನ ಹೆಂಡತಿ ಮಂಗಳಮ್ಮ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕೆಂಪು ನೀರು. ದೃಷ್ಟಿ ತೆಗೆಯುವುದಕ್ಕೆ ಅರಿಶಿನ ಸುಣ್ಣ ಕದಡಿ ಮಾಡುತ್ತಾರಲ್ಲ, ಆ ಆರತಿ ನೀರು. ಕಾರಿನ ಮುಂದೆ ನಿಂತು ನಿವಾಳಿಸತೊಡಗಿದಳು. ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದುದು ನಮಗೆ ಚೆನ್ನಾಗಿ ಕೇಳಿಸುತ್ತಿತ್ತು.

"ಹೋಗೋರ ಕಣ್ಣು, ಬರೋರ ಕಣ್ಣು, ಕಲಿಯಾಕೆ ಬರೋರ ಕಣ್ಣು, ಎದುರುಮನೆ ಕಣ್ಣು... ಅವ್ಳಪ್ಪನ ಕಣ್ಣು, ಎಲ್ಲಾ ಕಣ್ಣೂ ಹೋಗ್ಲಿ."

ತಟ್ಟೆಯ ನೀರನ್ನು ಎಡಗಡೆ ಮುಂದಿನ ಚಕ್ರದ ಮೇಲೆ ಸುರಿದಳು.

ಮರಿಸ್ವಾಮಿ ಎದ್ದ ರಭಸಕ್ಕೆ ಡ್ರಮ್ಮಿನ ಮುಚ್ಚಳ ಢಣಾರೆಂದು ಬಿತ್ತು. ಮಂಗಳಮ್ಮ ಕಿಟಾರನೆ ಕಿರುಚಿ ತಟ್ಟೆ ಬಿಟ್ಟಳು.

"ಏನೇ ಸುರಿದೆ? ಅದ್ರಲ್ಲಿ ಸುಣ್ಣ ಅದಲ್ಲೇ! ಸುಣ್ಣದ ನೀರು ಅಲ್ಯೂಮಿನಿಯಂನ ತಿಂದಾಕ್ತದೆ ಕಣೇ!"

"ಸುಣ್ಣ ಹಾಕ್ದೆ ನೀರು ಎಂಗೆ ಕೆಂಪಾಯ್ತದೆ?" ಎಂದಳು ಆಕೆ, ಎದೆ ನೀವಿಕೊಳ್ಳುತ್ತ. "ಪ್ರತಿ ಶುಕ್ರವಾರ ತೆಗೀತೀನಿ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ಚಕ್ರಕ್ಕೂ ಎರಚಿ ತೊಳ್ದುಬುಡ್ತೀನಿ, ಅದ್ರಲ್ಲೇನು?"

ಅಂದರೆ ರಾತ್ರಿಯೆಲ್ಲ ಆ ಸುಣ್ಣ ಬರಿಯ ಲೋಹದ ಮೇಲೆ ಕೂತಿರುತ್ತಿತ್ತು. ಬಿಂದುಶ್ರೀ ಆಗಲೇ ಬಾಗಿಲಿಗೆ ಬಂದು ನಿಂತಿದ್ದಳು.

"ಅದಿರ್ಲಿ, ನನ್ ಕಣ್ಣು ಅಂದ್ಯಲ್ಲ? ನನ್ ಮಗಳಿಗೆ ನನ್ ಕಣ್ಣು ತಗಲ್ತದಾ?"

"ಇನ್ಯಾರ್ದು ತಗಲ್ತದೆ?" ಮಂಗಳಮ್ಮನಿಗೂ ರೇಗಿತು. "ಎದ್ದು ದೇವ್ರಿಗೆ ಕೈ ಮುಗಿಯಲ್ಲ, ಆ ಚಕ್ರದ ಮುಂದೆ ಕುಂತ್ಕಂಡು ಗುರಾಯಿಸ್ತೀರ. ಆ ಹುಡ್ಗ ಬಂದು ಹೋದ್ರೆ ಅವ್ನು ಕುಂತಿದ್ದ ಕುರ್ಚೀನ ಗುರಾಯಿಸ್ತೀರ. ಹೆತ್ತೋರ ಕಣ್ಣೇ ಬೇಗ ತಾಗೋದು ಕಣ್ರೀ. ನಿಮ್ ಕಣ್ಣಲ್ಲಿ ಒಂದು ದಿನಾನಾದ್ರೂ ಒಳ್ಳೇದು ಕಂಡದಾ? ಅವ್ಳು ದಿನಾ ಅದೇ ಕಾರಲ್ಲಿ ರೋಡಿಗೆ ಹೋಗ್ತಾಳೆ, ನಂಗೆ ಭಯ ಆಯ್ತದೆ."

ಅವನು ಚಕ್ರದ ಪಕ್ಕದಲ್ಲೇ ನೆಲಕ್ಕೆ ಕೂತುಬಿಟ್ಟ. ನಾನು ಬೈಯಬೇಕೆಂದು ವಾರದಿಂದ ಕೂಡಿಟ್ಟಿದ್ದ ಮಾತೆಲ್ಲ ಮರೆತೇಹೋಯಿತು. ಅಷ್ಟು ಪಾಪ ಅನ್ನಿಸಿತು ಅವನನ್ನು ನೋಡಿ.

"ನಾಳೆ ಹೋಗ್ತೀಯಲ್ಲಪ್ಪ?" ಎಂದಳು ಬಿಂದುಶ್ರೀ. ಅವನು ಹೂಂ ಎಂದು ತಲೆಯಾಡಿಸಿದ.

ಮಾರನೆಯ ದಿನ ಕಲೆಬಿದ್ದ ಚಕ್ರವನ್ನು ಬಿಚ್ಚಿ, ಎದೆಗೆ ಅವಚಿಕೊಂಡು ರಸ್ತೆ ದಾಟಿದ. ನಾನೂ ಹಿಂದೆಯೇ ಹೋದೆ. ಪ್ಲೇಟಿಂಗ್ ಅಂಗಡಿಯಲ್ಲಿ ಅವತ್ತೂ ಜನವಿತ್ತು. ಮೋಹನ್ ಎದ್ದು ನಿಂತರು, ಇನ್ನೊಂದು ಜಗಳ ಬಂತು ಎಂದುಕೊಂಡಿರಬೇಕು.

"ಎಲ್ರೂ ಕೇಳಿ" ಎಂದ ಮರಿಸ್ವಾಮಿ. "ಅವತ್ತು ನಾನು ಈ ಹುಡುಗನ್ನ ಕಳ್ಳ ಅಂದೆ. ಸುಳ್ಳು. ಆಸಿಡ್ಡೂ ಇಲ್ಲ, ಏನೂ ಇಲ್ಲ. ನಮ್ಮನೇವ್ಳು ದೃಷ್ಟಿ ತೆಗ್ದು ಸುಣ್ಣದ ನೀರು ಸುರೀತಿದ್ಲು. ನಂದು ತಪ್ಪು."

ಸುನಿಲ್ ತಲೆ ಎತ್ತಲಿಲ್ಲ. ಈಗ ಅನುಮಾನಪಡುವ ಸರದಿ ಅವನದು. "ನಾಳೆ ಇನ್ನೊಂದು ಕಲೆ ಕಂಡ್ರೆ?" ಎಂದ.

"ಮೊದ್ಲು ನಮ್ಮನೇಲಿ ಕೇಳ್ತೀನಿ."

ಯಾರೋ ಕಿಸಕ್ಕೆಂದರು. ಸುನಿಲ್ ನಗಲಿಲ್ಲ. ಮರಿಸ್ವಾಮಿ ಚಕ್ರವನ್ನು ಅವನ ಮೇಜಿನ ಮೇಲೆ ಇಟ್ಟ. "ಇದ್ಕೆ ಕ್ರೋಮ್ ಹಾಕು. ನಾಲ್ಕಕ್ಕೂ ಹಾಕು."

ಸುನಿಲ್ ಈಗ ತಲೆ ಎತ್ತಿದ. "ಕ್ರೋಮ್ ಹಾಕಿದ್ಮೇಲೆ ಒಳಗೇನಿದೆ ಅಂತ ನಿಮಗೆ ಕಾಣಲ್ಲ."

"ಕಾಣ್ದಿದ್ರೆ ಬುಡು. ನೀನು ನೋಡಿರ್ತೀಯಲ್ಲ. ನನ್ ಮಗಳು ಅದ್ರ ಮೇಲೆ ಓಡಾಡ್ತಾಳೆ, ನೀನು ನೋಡಿ ಹಾಕಿರ್ತೀಯ. ಅಷ್ಟು ಸಾಕು ನಂಗೆ."

ಹುಡುಗ ಚಕ್ರವನ್ನು ತನ್ನ ಕಡೆಗೆ ಎಳೆದುಕೊಂಡ. ನಿಧಾನವಾಗಿ ತಿರುಗಿಸಿ, ಹೆಬ್ಬೆರಳಿನಿಂದ ಕಲೆಯನ್ನು ಸವರಿ ನೋಡಿದ. ಆಮೇಲೆ ತಿರುಗಿ ಮರಿಸ್ವಾಮಿಯ ಕೈಗೇ ಕೊಟ್ಟ.

"ಬೇಡ ಮಾವ. ನಿಮ್ ಪಾಲಿಶ್ ಹಂಗೇ ಇರ್ಲಿ. ಉಜ್ಜಿ ಕೊಡಿ, ಮೇಲೊಂದು ಕೈ ಲ್ಯಾಕರ್ ಹೊಡೀತೀನಿ. ಅತ್ತೆ ದೃಷ್ಟಿ ತೆಗೀಲಿ. ನೀರು ಮಾತ್ರ ಗೇಟಿನಾಚೆ ಸುರೀಲಿ."

ಮರಿಸ್ವಾಮಿ ಚಕ್ರ ಅವಚಿಕೊಂಡು ಹೊರಗೆ ಬಂದ. ರಸ್ತೆಯ ನಟ್ಟನಡುವೆ ನಿಂತುಬಿಟ್ಟ. ಆಟೋದವನೊಬ್ಬ ಹಾರನ್ ಬಜಾಯಿಸಿ ಬೈದುಕೊಂಡು ಹೋದ.

"ವಾಗೀಶಣ್ಣ, ಅವ್ನು ಮಾವ ಅಂದ್ನಾ?"

"ಅಂದ. ನಡಿಯಯ್ಯ ಈಚೆಗೆ, ಬಸ್ಸು ಬರ್ತಿದೆ."

"ನಿಮ್ಗೂ ಸರಿಯಾಗಿ ಕೇಳಿಸ್ತಾ?"

"ಕೇಳಿಸ್ತು ಕಣೋ. ಮಾವ ಅಂದ, ಅತ್ತೆ ಅಂತಲೂ ಅಂದ. ಯಾವ ದೇವರ ಮೇಲೆ ಬೇಕಾದರೂ ಆಣೆ ಇಡ್ತೀನಿ, ಮೊದಲು ರಸ್ತೆ ಬಿಡು."

"ಹಂಗಾರೆ ದಿಟ" ಎಂದ. ಚಕ್ರ ತಬ್ಬಿಕೊಂಡೇ ಅಲ್ಲೇ ನಿಂತು ಅತ್ತ. ನಾನು ಬಸ್ಸಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿದೆ.